ರಾತ್ರಿ ಪಾಳಿಯ ಸಿಸ್ಟರ್‌ಗೆ

ಮೊಯಾಮೊಯಾ ಕಾಯಿಲೆಗೆ ಮಿದುಳಿನ ಬೈಪಾಸ್ ಮಾಡಿಸಿಕೊಂಡ ನಮ್ಮ ರೋಗಿ ನಡೆದುಕೊಂಡೇ ಮನೆಗೆ ಹೋಗಿದ್ದಾರೆ. ಅರಿವಳಿಕೆ ತಂಡ, ಸ್ಕ್ಯಾನ್ ಕೋಣೆಯವರು, ಫಿಸಿಯೊ, ಆಯಾಗಳು, ಎಲ್ಲರಿಗೂ ಮನಸಾರೆ ಧನ್ಯವಾದ. ಉಳಿದ ಮಾತೆಲ್ಲ ಐಸಿಯುನ ರಾತ್ರಿ ಪಾಳಿಯ ಸಿಸ್ಟರ್‌ಗೆ.

ಈ ಕಾಯಿಲೆಯಲ್ಲಿ ಮಿದುಳಿನ ತಳದ ದೊಡ್ಡ ರಕ್ತನಾಳಗಳು ಕಿರಿದಾಗುತ್ತಾ ಹೋಗುತ್ತವೆ. ಅವುಗಳ ಕೆಲಸ ಕೂದಲೆಳೆಯಂಥ ನಾಳಗಳ ಮೇಲೆ ಬೀಳುತ್ತದೆ. ಅವು ವರ್ಷಗಟ್ಟಲೆ ಹಿಗ್ಗಿ, ಗೋಡೆ ತೆಳುವಾಗಿ, ಒಂದು ದಿನ ಒಡೆಯಲೂಬಹುದು. ಕಿವಿಯ ಮುಂದೆ ಮಿಡಿಯುವ ನಾಳವನ್ನು ಮಿದುಳಿನ ಮೇಲ್ಮೈಯ ನಾಳಕ್ಕೆ ಹೊಲಿದರೆ ಆ ಹೊರೆ ಇಳಿಯುತ್ತದೆ. ಆದರೆ ಮೊದಲ ಕೆಲವು ದಿನ ಎರಡೂ ಕಡೆ ಅಪಾಯ. ಬಿಪಿ ಇಳಿದರೆ ರಕ್ತ ಸಾಲದೆ ಸ್ಟ್ರೋಕ್. ಏರಿದರೆ, ಕುಗ್ಗುವ ಶಕ್ತಿ ಕಳೆದುಕೊಂಡ ನಾಳಗಳಿಗೆ ರಕ್ತ ನುಗ್ಗಿ ಸ್ರಾವ.

ಸಿಸ್ಟರ್ ಗಂಟೆಗೊಮ್ಮೆ ಬಿಪಿ ಬರೆದು ಸುಮ್ಮನಾಗಲಿಲ್ಲ. ಬಲ ಕುಂದಿದೆಯೇ ಎಂದು ನೋಡಲು ಎರಡೂ ಕೈ ಎತ್ತಿಸಿದರು. ಕಿವಿಯ ಮುಂದಿನ ಮಿಡಿತವನ್ನು ಒತ್ತದೆ, ಬೆರಳ ತುದಿಯಿಂದಷ್ಟೇ ನೋಡಿದರು. ಆಕ್ಸಿಜನ್ ಮಾಸ್ಕಿನ ಎಲಾಸ್ಟಿಕ್ ಅದರ ಮೇಲೆ ಬಿಗಿಯದಂತೆ ಸರಿಸಿದರು. ರೋಗಿ ನೋವಿಗೆ ಅಳುತ್ತಾ ಏದುಸಿರು ಬಿಟ್ಟಾಗ ಔಷಧಿ ಬರೆಸಿ ಕೊಟ್ಟು, ಉಸಿರು ಹದಕ್ಕೆ ಬರುವವರೆಗೂ ಕೈ ಹಿಡಿದು ಕೂತರು. ಏದುಸಿರಿನಿಂದ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದರೆ ಮಿದುಳಿನ ನಾಳಗಳು ಇನ್ನಷ್ಟು ಬಿಗಿಯುತ್ತವೆ ಎಂಬುದು ಅವರಿಗೆ ಗೊತ್ತಿತ್ತು.

ನಸುಕಿನಲ್ಲಿ ಬೀಗದಕೈ ತೋರಿಸಿ ಇದೇನು ಅಂತ ಕೇಳಿದರೆ ರೋಗಿ "ಬಾಗಿಲು" ಅಂದರು. ಕೈಕಾಲು ಸರಿಯಿತ್ತು, ಸಿಸ್ಟೋಲಿಕ್ ಬಿಪಿ, ಅಂದರೆ ಬಿಪಿಯ ಮೇಲಿನ ಅಂಕಿ, 138. ನಿದ್ದೆಗಣ್ಣು ಅಂತ ಬಿಡಬಹುದಿತ್ತು, ಬಿಡಲಿಲ್ಲ. ರಕ್ತ ಸಾಲದಿದ್ದರೂ ಮಾತು ತಪ್ಪುತ್ತದೆ, ಹೆಚ್ಚಾದರೂ ತಪ್ಪುತ್ತದೆ. ಚಿಕಿತ್ಸೆ ಮಾತ್ರ ತದ್ವಿರುದ್ಧ. ಅದಕ್ಕೇ ಬಿಪಿ ಔಷಧಿಯ ಪಂಪ್ ಮುಟ್ಟದೆ ಮೊದಲು ನಮ್ಮನ್ನು ಕರೆದರು. ಸ್ಕ್ಯಾನಿನಲ್ಲಿ ಹೊಸ ಸ್ಟ್ರೋಕ್ ಇರಲಿಲ್ಲ, ರಕ್ತವೂ ಸೋರಿರಲಿಲ್ಲ, ಹೊಲಿದ ಜಾಗದ ಸುತ್ತ ಹರಿವು ಮಾತ್ರ ವಿಪರೀತವಾಗಿತ್ತು. ಸಿಸ್ಟೋಲಿಕ್ ಅನ್ನು 110ರಿಂದ 130ರೊಳಗೆ ಹಿಡಿದೆವು. ಕೆಲವು ದಿನಗಳಲ್ಲಿ ಮಾತು ಮರಳಿತು.

ನಾಳ ಒಡೆದ ಮೇಲೆ ಆಪರೇಷನ್ ಥಿಯೇಟರಿಗೆ ಓಡುವುದು ಎಂಥದ್ದು, ಹೊರಗೆ ಕಾಯುವವರಿಗೆ ಆಮೇಲೆ ಏನು ಹೇಳಬೇಕಾಗುತ್ತದೆ ಎಂಬುದು ನಮಗೆ ಗೊತ್ತು. ಆ ಬಾಗಿಲಿಗೆ ಹೋಗುವಾಗ ಕಾಲು ಏಳುವುದಿಲ್ಲ. ಈ ಸಲ ಹೋಗಬೇಕಾಗಲಿಲ್ಲ, ಸಿಸ್ಟರ್.

ಮನೆಯವರಿಗೂ ಧನ್ಯವಾದ. ಕನ್ನಡಕದ ಕಡ್ಡಿ ಹೊಸ ನಾಳವನ್ನು ಒತ್ತಬಾರದು ಅಂದಿದ್ದಕ್ಕೆ ಡಿಸ್ಚಾರ್ಜಿಗೆ ಮೊದಲೇ ಸಡಿಲ ಮಾಡಿಸಿ ತಂದರು. ನಮ್ಮ ಗಂಟೆಯ ಚಾರ್ಟಿನಲ್ಲಿ ಬಿಪಿ ಪಕ್ಕ ಈಗ ಮಾತಿಗೂ ಒಂದು ಕಾಲಂ ಹಾಕಿದ್ದೇವೆ. ಮೂರು ವಸ್ತು ತೋರಿಸಿ, ರೋಗಿ ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು.