ಹಿಂಡಿಯಿಂದ ಮೊದಲು ಅನಿಲ, ಆಮೇಲೆ ಗೊಬ್ಬರ

ಸಂಪಾದಕರೇ,

ಹೊಂಗೆ, ಹರಳು, ಜಟ್ರೋಫಾ ಬೀಜದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ದನಕ್ಕೆ ಹಾಗೇ ತಿನ್ನಿಸುವಂತಿಲ್ಲ. ಹರಳು ಹಿಂಡಿಯಲ್ಲಂತೂ ರಿಸಿನ್ ಎಂಬ ವಿಷವಿರುತ್ತದೆ. ಸುಮ್ನೆ ಹೊಲಕ್ಕೆ ಸುರಿಯುವ ಮೊದಲು ಅದರಿಂದ ಬಯೋಗ್ಯಾಸ್ ತೆಗೆಯಬಹುದಲ್ವಾ? ಹಿಂಡಿಯಲ್ಲಿ ಎಣ್ಣೆ, ಪ್ರೋಟೀನ್ ಉಳಿದಿರುವುದರಿಂದ ಅಷ್ಟೇ ತೂಕದ ಸಗಣಿಗಿಂತ ಜಾಸ್ತಿ ಅನಿಲ ಸಿಗುತ್ತದೆ. ಸಾರಜನಕ ಸ್ಲರಿಯಲ್ಲೇ (ಅನಿಲ ತೆಗೆದ ಮೇಲೆ ಹೊರಬರುವ ರಾಡಿಯಲ್ಲೇ) ಉಳಿಯುವುದರಿಂದ ಗೊಬ್ಬರಕ್ಕೂ ನಷ್ಟವಿಲ್ಲ.

ಆದರೆ ಬಯೋಗ್ಯಾಸ್ ತೊಟ್ಟಿಗೆ ಬರೀ ಹಿಂಡಿ ತುಂಬಿದರೆ ಕೆಲಸ ಕೆಡುತ್ತದೆ. ಹಿಂಡಿಯ ಪ್ರೋಟೀನಿನಲ್ಲಿರುವ ಸಾರಜನಕದಿಂದ ಅಮೋನಿಯಾ ಏರಿ, ಮೀಥೇನ್ (ಬಯೋಗ್ಯಾಸ್‌ನಲ್ಲಿ ಉರಿಯುವ ಅನಿಲ) ತಯಾರಿಸುವ ಸೂಕ್ಷ್ಮಜೀವಿಗಳು ಸೊರಗುತ್ತವೆ. ಸಗಣಿ, ಒಣಹುಲ್ಲಿನ ಚೂರು ಬೆರೆಸಿ ಇಂಗಾಲ–ಸಾರಜನಕದ ಪ್ರಮಾಣ 20ರಿಂದ 30ಕ್ಕೆ 1ರಂತೆ ಇರಬೇಕು. ದಿನದ ಪ್ರಮಾಣವನ್ನೂ ನಿಧಾನವಾಗಿಯೇ ಏರಿಸಬೇಕು.

ಬಯೋಗ್ಯಾಸ್‌ಗೆ ನೆರವು ಕೊಡುವವರು ದನಗಳ ಲೆಕ್ಕ ಮಾತ್ರ ಕೇಳದೆ ಎಣ್ಣೆ ಗಾಣಗಳ ಕಡೆಗೂ ನೋಡಲಿ.

– ಒಬ್ಬ ಓದುಗ