ಪೋರ್ಚುಗಲ್ ಹೆಸರಿಗೆ ಮೂಲ ಮದ್ಯವಲ್ಲ, ಬಂದರು

ಮಾನ್ಯ ಸಂಪಾದಕರೇ,

ಪೋರ್ಚುಗಲ್‌ಗೆ ಆ ಹೆಸರು ಬಂದದ್ದು ‘ಪೋರ್ಟ್’ ಮದ್ಯದಿಂದ ಎನ್ನುವವರಿದ್ದಾರೆ. ಲುಸಿಟಾನಿಯಾ ಎಂಬುದೇ ಆ ದೇಶದ ಮೂಲ ಹೆಸರು ಎನ್ನುವವರೂ ಇದ್ದಾರೆ. ಎರಡೂ ತಪ್ಪು. ಮದ್ಯಕ್ಕೆ ಪೋರ್ಟೊ ನಗರದ ಹೆಸರು ಅಂಟಿಕೊಂಡದ್ದು 17ನೇ ಶತಮಾನದ ಉತ್ತರಾರ್ಧದಲ್ಲಿ. ಅಷ್ಟು ಹೊತ್ತಿಗೆ ಆ ರಾಜ್ಯಕ್ಕೆ ಐನೂರು ವರ್ಷ ತುಂಬಿತ್ತು.

ಇಂದಿನ ಪೋರ್ಟೊ ಬಳಿ, ಡೋರು ನದಿ ಸಮುದ್ರ ಸೇರುವಲ್ಲಿ ಕಾಲೆ ಎಂಬ ಊರಿತ್ತು. ಲಿಸ್ಬನ್‌ನಿಂದ ಬ್ರಾಗಾಕ್ಕೆ ಹೋಗುವ ರೋಮನ್ ಹೆದ್ದಾರಿಯ ದಾರಿಪಟ್ಟಿಯಲ್ಲಿ ಬ್ರಾಗಾಕ್ಕೆ ಮೊದಲಿನ ಠಾಣ್ಯ ಇದು. ಅಲ್ಲಿಂದ ಬ್ರಾಗಾಕ್ಕೆ 35 ರೋಮನ್ ಮೈಲಿ, ಅಂದರೆ ಸುಮಾರು 52 ಕಿ.ಮೀ. ಇಂದಿನ ಪೋರ್ಟೊ–ಬ್ರಾಗಾ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಲ್ಯಾಟಿನ್‌ನಲ್ಲಿ ‘ಪೋರ್ಟುಸ್’ ಎಂದರೆ ಬಂದರು. ಕಾಲೆಯ ಬಂದರು ‘ಪೋರ್ಟುಕಾಲೆ’ ಆಯಿತು. 456ರಲ್ಲಿ ಯುದ್ಧದಲ್ಲಿ ಸೋತು ಓಡಿದ ಸ್ವೇಬಿ ಎಂಬ ಜರ್ಮನಿಕ್ ಜನಾಂಗದ ದೊರೆ ರೆಕಿಯಾರ್ ಸೆರೆಸಿಕ್ಕಿದ್ದು ಇಲ್ಲೇ ಎಂದು ಅದೇ ಕಾಲದ ಬಿಷಪ್ ಹೈಡೇಷಿಯಸ್ ಬರೆದಿಟ್ಟಿದ್ದಾನೆ.

ಸ್ವರಗಳ ನಡುವಿನ ಲ್ಯಾಟಿನ್ ‘ಕ’ ಪೋರ್ಚುಗೀಸಿನಲ್ಲಿ ‘ಗ’ ಆಗುತ್ತದೆ: ‘ಅಮಿಕುಸ್’ ‘ಅಮಿಗು’ ಆದಂತೆ. ಕೊನೆಯ ‘ಎ’ ಬಿದ್ದುಹೋಗುತ್ತದೆ: ‘ಮಾರೆ’ ‘ಮಾರ್’ ಆದಂತೆ. ಪೋರ್ಟುಕಾಲೆ ಪೋರ್ಟುಗಾಲ್ ಆದದ್ದು ಹೀಗೆ. ಇದನ್ನು ನೋಡದೆ ‘ಗಾಲ್ ಜನರ (ಪ್ರಾಚೀನ ಫ್ರಾನ್ಸಿನವರ) ಬಂದರು’ ಎಂದು ಅರ್ಥ ಹೇಳಿದರೆ ನಿಲ್ಲುವುದಿಲ್ಲ. ಹಳೆಯ ಬರಹಗಳಲ್ಲಿರುವುದು ‘ಕ’, ‘ಗ’ ಅಲ್ಲ. ‘ಬೆಚ್ಚಗಿನ ಬಂದರು’ ಎಂಬುದೂ ಅಷ್ಟೇ. ಬೆಚ್ಚಗಿನದಕ್ಕೆ ಲ್ಯಾಟಿನ್ ಪದ ‘ಕ್ಯಾಲಿಡುಸ್’. ಅದರ ‘ಡ’ಕಾರ ಪೋರ್ಚುಗೀಸಿನ ‘ಕಾಲ್ಡು’ ಪದದಲ್ಲಿ ಇಂದಿಗೂ ಉಳಿದಿದೆ. ಕಾಲೆ ಎಂಬುದು ರೋಮನ್ನರಿಗಿಂತ ಹಳೆಯ ಸ್ಥಳನಾಮ.

ಲುಸಿಟಾನಿಯಾ ಡೋರು ನದಿಯ ದಕ್ಷಿಣಕ್ಕಿದ್ದ ರೋಮನ್ ಪ್ರಾಂತ್ಯ. ರಾಜಧಾನಿ ಮೆರಿಡಾ ಇಂದು ಸ್ಪೇನ್‌ನಲ್ಲಿದೆ. ಆ ಹೆಸರನ್ನು ಇಡೀ ದೇಶಕ್ಕೆ ಹೊದಿಸಿದವರು ಬಹಳ ಕಾಲಾನಂತರದ ಪಂಡಿತರು ಮತ್ತು ಕವಿಗಳು.

868ರಲ್ಲಿ ಅಸ್ತೂರಿಯಾ ಎಂಬ ಉತ್ತರದ ಕ್ರೈಸ್ತ ರಾಜ್ಯದ ಸರದಾರ ವಿಮಾರಾ ಪೆರೆಸ್ ಪೋರ್ಟುಕಾಲೆಯನ್ನು ಮುಸ್ಲಿಂ ಆಳ್ವಿಕೆಯಿಂದ ಗೆದ್ದ ಮೇಲೆ ಊರಿನ ಹೆಸರು ಸುತ್ತಲಿನ ಸೀಮೆಗೆ ಹಬ್ಬಿತು. ಆ ಸೀಮೆಯ ಅಫೊನ್ಸೊ ಹೆನ್ರಿಕ್ಸ್ ದೊರೆಯೆನಿಸಿಕೊಂಡ. ನೆರೆಯ ಲಿಯೋನ್ ದೊರೆಯೊಂದಿಗಿನ 1143ರ ಜಮೋರಾ ಒಪ್ಪಂದ, 1179ರ ಪೋಪ್ ಶಾಸನ ಅದಕ್ಕೆ ಮುದ್ರೆಯೊತ್ತಿದವು. 1147ರಲ್ಲಿ ಲಿಸ್ಬನ್ ಕೈಸೇರಿದಾಗ ಉತ್ತರದ ಬಂದರಿನ ಹೆಸರು ದಕ್ಷಿಣಕ್ಕೂ ಇಳಿಯಿತು. ಆದರೆ 1249ರಲ್ಲಿ ಪೂರ್ತಿಯಾಗಿ ಗೆದ್ದ ದಕ್ಷಿಣದ ತುದಿಯ ಅಲ್ಗಾರ್ವ್ ಮಾತ್ರ ದೊರೆಗಳ ಬಿರುದಿನಲ್ಲಿ ಬೇರೆಯಾಗಿಯೇ ಉಳಿಯಿತು. 1910ರಲ್ಲಿ ಅರಸೊತ್ತಿಗೆ ಕೊನೆಗಾಣುವವರೆಗೂ ಅಲ್ಲಿನ ದೊರೆಗಳು ‘ಪೋರ್ಚುಗಲ್ ಮತ್ತು ಅಲ್ಗಾರ್ವ್‌ಗಳ ಅರಸ’ ಎಂದೇ ಕರೆಸಿಕೊಂಡರು.

— ಇತಿಹಾಸ ಉಪನ್ಯಾಸಕ, ಧಾರವಾಡ