ದಾರಿಯಲ್ಲೇ ತಣ್ಣಗಾಗುವ ಕೂಸುಗಳು

ಮಾನ್ಯ ಸಂಪಾದಕರೇ,

ನವಜಾತ ಶಿಶು ಘಟಕದಲ್ಲಿ ಇಷ್ಟು ಮಕ್ಕಳು ತೀರಿಕೊಂಡವು ಎಂಬ ಸುದ್ದಿ ಬಂದಾಗಲೆಲ್ಲ ಜನ ಬೆರಳು ತೋರಿಸುವುದು ವಾರ್ಮರ್ (ಕೂಸನ್ನು ಬೆಚ್ಚಗಿಡುವ ಯಂತ್ರ) ಪಕ್ಕ ನಿಂತವರತ್ತ. ಅಲ್ಲೇ ಹುಟ್ಟಿದ ಕೂಸೆಷ್ಟು, ಬೇರೆಡೆ ಹುಟ್ಟಿ ಸಾಗಿಸಿ ತಂದದ್ದೆಷ್ಟು, ಒಂದೂವರೆ ಕಿಲೋಗಿಂತ ಕಡಿಮೆ ತೂಕದ್ದೆಷ್ಟು ಎಂದು ಬಿಡಿಸಿ ಹೇಳದ ಸಂಖ್ಯೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು 25 ಮಕ್ಕಳು 28 ದಿನದೊಳಗೆ ಸಾಯುತ್ತವೆ. ಮುಖ್ಯ ಕಾರಣಗಳು ಅವಧಿಗೆ ಮುಂಚಿನ ಹೆರಿಗೆ, ಹುಟ್ಟುವಾಗ ಉಸಿರು ಕಟ್ಟುವುದು, ರಕ್ತದ ಸೋಂಕು, ಹುಟ್ಟು ದೋಷ. ಇವುಗಳ ಬೆನ್ನಿಗೇ ಇರುವ ಥಂಡಿ, ಅಂದರೆ ಕೂಸಿನ ಮೈ ತಣ್ಣಗಾಗುವುದು, ಮಾತ್ರ ಮರಣಪತ್ರದಲ್ಲಿ ಕಾಣುವುದೇ ಅಪರೂಪ.

ಕಳಸ, ಶೃಂಗೇರಿ ಕಡೆಯಿಂದ ಮಳೆಗಾಲದಲ್ಲಿ ಚಿಕ್ಕಮಗಳೂರು ತಲುಪಲು ಎರಡು ಗಂಟೆಗೂ ಹೆಚ್ಚು ಬೇಕು. ಕೂಸಿಗೆ ದೊಡ್ಡವರಂತೆ ನಡುಗಿ ಮೈ ಕಾಯಿಸಿಕೊಳ್ಳಲು ಬಾರದು. ಮೈಶಾಖ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಅದು ತನ್ನ ಕೊಬ್ಬು, ಸಕ್ಕರೆ, ಆಮ್ಲಜನಕ ಎಲ್ಲವನ್ನೂ ಬಿಸಿಗಾಗಿಯೇ ಖರ್ಚು ಮಾಡುತ್ತದೆ. ಸಕ್ಕರೆ ಕುಸಿದು, ಉಸಿರು ನಿಧಾನವಾಗಿ, ಘಟಕದ ಬಾಗಿಲಿಗೆ ಬರುವ ಹೊತ್ತಿಗೆ ಅರ್ಧ ಸೋತಿರುತ್ತದೆ.

ತಾಯಿಯನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಬಿಟ್ಟು, ಕೂಸನ್ನು ಟವೆಲಿನಲ್ಲಿ ಸುತ್ತಿ ಅಜ್ಜಿಯ ಕೈಗೆ ಕೊಡುವುದು ದೊಡ್ಡ ತಪ್ಪು. ಒದ್ದೆ ಬಟ್ಟೆ ತೆಗೆದು, ಒರೆಸಿ, ಟೊಪ್ಪಿ ಹಾಕಿ, ಬರಿಮೈ ಕೂಸನ್ನು ತಾಯಿಯ ಎದೆಗೆ ನೇರವಾಗಿ ಒರಗಿಸಿ ಹತ್ತಿ ಸೀರೆಯಿಂದ ಕಟ್ಟಬೇಕು. ತಲೆ ಒಂದು ಬದಿಗೆ ತಿರುಗಿರಲಿ, ಕತ್ತು ಮಡಚಬಾರದು, ಮೂಗು ತೆರೆದಿರಬೇಕು. ತಾಯಿಗೆ ಸಿಸೇರಿಯನ್ ಆಗಿದ್ದರೆ ಅಪ್ಪನ ಎದೆಯೂ ಆದೀತು, ಅಜ್ಜಿಯದೂ ಆದೀತು. ಬಿಸಿನೀರಿನ ಬಾಟಲಿ ಬೇಡ, ಚರ್ಮ ಸುಡುತ್ತದೆ. ಹೊರಡುವ ಮುಂಚೆ ಎದೆಹಾಲು ಕುಡಿಸಿ. ಚೀಪಲಾಗದಿದ್ದರೆ ಹಿಂಡಿ ಒಳಲೆಯಲ್ಲಿ ಕೊಡಿ. ಏದುಸಿರು ಬಿಡುವ ಕೂಸಿನ ಬಾಯಿಗೆ ಮಾತ್ರ ಏನೂ ಹಾಕಬಾರದು. ದಾರಿಯಲ್ಲಿ ಆಗಾಗ ಅಂಗೈ ಹಿಂಬದಿಯಿಂದ ಮುಟ್ಟಿ ನೋಡಿ: ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಥಂಡಿ ಹಿಡಿಯುತ್ತಿದೆ ಎಂದರ್ಥ, ಹೊಟ್ಟೆಯೂ ತಣ್ಣಗಾದರೆ ಅಪಾಯ.

ಇದಕ್ಕಿಂತ ಒಳ್ಳೆಯದು ಕೂಸನ್ನು ಹೊಟ್ಟೆಯಲ್ಲಿರುವಾಗಲೇ ಸಾಗಿಸುವುದು. ಬಸಿರಿನ 24ರಿಂದ 34 ವಾರದೊಳಗೆ ನೋವು ಶುರುವಾದರೆ ತಾಯಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದು 6 ಮಿಲಿಗ್ರಾಂ, 12 ಗಂಟೆಗೊಮ್ಮೆ, ನಾಲ್ಕು ಸಲ. ಇದರಿಂದ ಕೂಸಿನ ಶ್ವಾಸಕೋಶ ಬಲಿಯುತ್ತದೆ. ಮೊದಲ ಸೂಜಿ ತಾಲ್ಲೂಕಿನಲ್ಲೇ ಆಗಲಿ, ಹೊತ್ತು ಹಾಕದೆ ತಾಯಿಯನ್ನು ಕಳಿಸಲಿ.

ಘಟಕದೊಳಗೆ ಎಲ್ಲ ಸರಿಯಿದೆ ಎಂದು ನಾವು ಹೇಳುವುದಿಲ್ಲ. ಮೂರು-ನಾಲ್ಕು ಕೂಸಿಗೆ ಒಬ್ಬ ನರ್ಸ್ ಇರಬೇಕಾದಲ್ಲಿ ಎಂಟು ಕೂಸು ಬಂದರೆ ಮೊದಲು ತಪ್ಪುವುದು ಕೈ ತೊಳೆಯುವುದೇ. ಒಂದೇ ವಾರ್ಮರಿನಲ್ಲಿ ಎರಡು ಕೂಸು ಮಲಗಿಸಿದರೆ ಔಷಧಕ್ಕೆ ಬಗ್ಗದ, ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದಂಥವುಗಳ ಸೋಂಕು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ.

ಜಿಲ್ಲಾ ಆರೋಗ್ಯಾಧಿಕಾರಿಗಳು ಮೂರು ತಿಂಗಳಿಗೊಮ್ಮೆ ಸಾವಿನ ಲೆಕ್ಕವನ್ನು ಹುಟ್ಟಿದ ಜಾಗ, ತೂಕ, ಕಾರಣದ ಪ್ರಕಾರ ಬಿಡಿಸಿ ಪ್ರಕಟಿಸಲಿ. ಜೊತೆಗೆ ಇನ್ನೊಂದು ಕಾಲಂ ಇರಲಿ: ಬಾಗಿಲಲ್ಲಿ ಇಳಿಸಿಕೊಂಡಾಗ ಕೂಸಿನ ಮೈಶಾಖ ಎಷ್ಟಿತ್ತು, ಎಲ್ಲಿಂದ ಬಂತು.

– ನವಜಾತ ಶಿಶು ಆರೈಕೆಯ ಶುಶ್ರೂಷಕಿಯರು, ಚಿಕ್ಕಮಗಳೂರು